ಹಗ್ಗದ ಅಳತೆ

ಕೇಶಿರಾಜನ ವ್ಯಾಕರಣ ಹೇಳಿ ಹೊಟ್ಟೆ ಹೊರೆಯುವವನಿಗೆ ಬೀಜಗಣಿತದ ಗೊಡವೆ ಏಕೆಂದು ಓದುಗರು ಕೇಳಬಹುದು. ಸ್ವಲ್ಪ ತಾಳಬೇಕು. ಒಂದು ಸಂಖ್ಯೆಯನ್ನು ಎರಡು ನೆಟ್ಟನೆಯ ಗೆರೆಗಳ ನಡುವೆ ನಿಲ್ಲಿಸಿದರೆ ಅದರ ಋಣಚಿಹ್ನೆ ಕಳಚಿಬೀಳುತ್ತದೆ; ಉಳಿಯುವುದು ಸೊನ್ನೆಯಿಂದ ಅದಕ್ಕಿರುವ ದೂರ ಮಾತ್ರ. ಇದೇ ನಿರಪೇಕ್ಷ ಮೌಲ್ಯ. ಆ ಗೆರೆಗಳನ್ನು 1841ರಲ್ಲಿ ಬಳಸಿದವನು ಜರ್ಮನಿಯ ವಯರ್‌ಸ್ಟ್ರಾಸ್. ಹೆಚ್ಚು ಕಡಿಮೆಗಳ ಚಿಹ್ನೆಗಳು ಅಚ್ಚಾದದ್ದು 1631ರಲ್ಲಿ, ಇಂಗ್ಲೆಂಡಿನ ಥಾಮಸ್ ಹ್ಯಾರಿಯಟ್‌ನ ಪುಸ್ತಕದಲ್ಲಿ, ಅವನು ತೀರಿಕೊಂಡ ಹತ್ತು ವರ್ಷದ ಮೇಲೆ. ಇವೆರಡೂ ಒಂದೆಡೆ ಸೇರಿದಲ್ಲಿ ನಮ್ಮ ಹುಡುಗರ ಪಾಡು ಶುರು.

ಹಳ್ಳಿಯ ಕನ್ನಡ ಶಾಲೆಯಿಂದ ಪಿ.ಯು.ಸಿ.ಗೆ ಬಂದ ಹುಡುಗನೊಬ್ಬ ಗಣಿತ ಬಿಡುವ ಅರ್ಜಿ ಹಿಡಿದು ನನ್ನಲ್ಲಿಗೆ ಬಂದ. "ನನ್ನ ತಲೆಗೆ ಇದು ಹತ್ತೋದಿಲ್ಲ ಸಾರ್" ಎಂದ. ಲೆಕ್ಕ |ಕ್ಷ − 5| > 2. ಅಂದರೆ ಐದರಿಂದ ಎರಡಕ್ಕಿಂತ ಹೆಚ್ಚು ದೂರವಿರುವ ಸಂಖ್ಯೆಗಳು ಯಾವುವು ಎಂದು. ಅವನು ಬರೆದಿದ್ದ ಉತ್ತರ 7 < ಕ್ಷ < 3.

"ದಾರಿಯಂಚಿನಲ್ಲಿ ಉದ್ದಕ್ಕೂ ಹುಲ್ಲಿದೆ ಕಣಯ್ಯಾ. ಐದನೆಯ ಮಾರಿನಲ್ಲಿ ಗೂಟ, ಎರಡು ಮಾರು ಹಗ್ಗ. ಹಸು ಎಲ್ಲೆಲ್ಲಿ ಮೇಯುತ್ತೆ?"

"ಮೂರರಿಂದ ಏಳರವರೆಗೆ ಸಾರ್."

"ಬಾಯಿಗೆ ಸಿಗದ ಹುಲ್ಲು?"

"ಮೂರರಿಂದ ಈಚೆಯದು, ಏಳರಿಂದ ಆಚೆಯದು."

"ಒಂದೇ ಗರಿಕೆ ಎರಡು ಕಡೆಯೂ ಇರುತ್ತದೇನು?"

ಹುಡುಗ ನಕ್ಕ. ಅರ್ಜಿ ಮಡಚಿ ಜೇಬಿಗಿಟ್ಟುಕೊಂಡ.

ನೋಡಿ, ಇಡೀ ಲೆಕ್ಕ ನಿಂತಿರುವುದು ವ್ಯಾಕರಣದ ಮೇಲೆ. ಹಗ್ಗದೊಳಗಾದರೆ 'ಊ': ಮೂರಕ್ಕಿಂತ ಹೆಚ್ಚೂ ಹೌದು, ಏಳಕ್ಕಿಂತ ಕಡಿಮೆಯೂ ಹೌದು. ಹಗ್ಗದಾಚೆಯಾದರೆ 'ಓ': ಮೂರಕ್ಕಿಂತ ಕಡಿಮೆಯೋ ಏಳಕ್ಕಿಂತ ಹೆಚ್ಚೋ. ಈ ಎರಡು ಅವ್ಯಯಗಳನ್ನು ಹುಡುಗ ತಾಯ ಮಡಿಲಲ್ಲೇ ಕಲಿತಿದ್ದ. ಅವು ಇಂಗ್ಲಿಷಿನ ಕೋಟು ತೊಟ್ಟು ಬಂದಾಗ ಗುರುತು ಹತ್ತಲಿಲ್ಲ, ಅಷ್ಟೆ. ಅದನ್ನೇ ತನ್ನ ದಡ್ಡತನವೆಂದು ನಂಬಿಬಿಟ್ಟಿದ್ದ. ಹಾಗೆ ನಂಬಿ ಗಣಿತ ಬಿಟ್ಟ ಮಕ್ಕಳು ಎಷ್ಟು ಮಂದಿಯೋ!

ಗಣಿತದ ಇನ್ನೊಂದು ಗುಣ ಕಂಡು ನನಗೆ ಹೊಟ್ಟೆಕಿಚ್ಚು. |ಕ್ಷ − 5| < −2 ಎಂದು ಕೇಳಿದರೆ, ಸೊನ್ನೆಗಿಂತ ಗಿಡ್ಡ ಹಗ್ಗ ಎಲ್ಲಿಯೂ ಇಲ್ಲವಾದ್ದರಿಂದ, 'ಉತ್ತರವಿಲ್ಲ' ಎಂದು ಬರೆದವನಿಗೆ ಪೂರ್ತಿ ಅಂಕ. ನನ್ನ ಕನ್ನಡದ ಪತ್ರಿಕೆಯಲ್ಲಿ ಅಂಥ ಧೈರ್ಯ ಇದುವರೆಗೆ ಯಾರೂ ಮಾಡಿಲ್ಲ. ಏನೂ ತೋಚದವನೂ ನಾಲ್ಕು ಪುಟ ತುಂಬಿಸುತ್ತಾನೆ. ನಾನೂ ಕೂತು ಓದುತ್ತೇನೆ.