ಬೈಗುಳದೊಳಗೆ ಯಾರಿದ್ದಾರೆ? (ನಮ್ ಮಾತು, ಭಾಗ 9)

ನಿಮಗೊಂದು ಸಣ್ಣ ಕೆಲಸ. ಇವತ್ತು ಬೆಳಿಗ್ಗೆಯಿಂದ ಕಿವಿಗೆ ಬಿದ್ದ ಬೈಗುಳಗಳನ್ನೆಲ್ಲ ಮನಸ್ಸಲ್ಲೇ ಲಿಸ್ಟ್ ಮಾಡಿ. ಬಸ್ಸಲ್ಲಿ, ಕ್ಯಾಂಟೀನಲ್ಲಿ, ಕ್ಲಾಸ್ ಗ್ರೂಪಲ್ಲಿ, ಗೇಮ್ ಆಡುವಾಗ. ಆಯ್ತಾ? ಬೈಸಿಕೊಂಡವನು ಎದುರಿಗೇ ಇರ್ತಾನೆ, ಅವನು ನಮಗೆ ಗೊತ್ತು. ಆದರೆ ಆ ಪದದೊಳಗೆ ಇನ್ನೊಬ್ಬರು ಕೂತಿರ್ತಾರೆ. ಅವರು ಯಾರು ಅನ್ನೋದೇ ಇವತ್ತಿನ ವಿಷಯ.

ಬೈಯಲೇಬಾರದು ಅಂತ ಉಪದೇಶ ಮಾಡೋಕೆ ಬಂದಿಲ್ಲ. ಈ ವಿಷಯದಲ್ಲಿ ಕನ್ನಡ ಬಹಳ ಸೂಕ್ಷ್ಮ. ಕಿಚಾಯಿಸೋದು ಬೇರೆ, ಅಲ್ಲಿ ಇಬ್ಬರೂ ನಗ್ತಾರೆ. ಅಣಕಿಸೋದು ಬೇರೆ, ಅಲ್ಲಿ ಒಬ್ಬರ ನಡೆ-ನುಡಿಯನ್ನ ಇನ್ನೊಬ್ಬರು ಮಾಡಿ ತೋರಿಸ್ತಾರೆ. ಹಂಗಿಸೋದು ಅಂದ್ರೆ ನಿಮಗಿಲ್ಲದ್ದನ್ನೋ, ಅವರು ಕೊಟ್ಟದ್ದನ್ನೋ ಎತ್ತಿ ಆಡೋದು. ಹೀಯಾಳಿಸೋದು ಅಂದ್ರೆ ಎದುರಿನವರನ್ನ ಕೆಳಗಿಳಿಸಿಯೇ ಬಿಡೋದು. ಕೆಟ್ಟ ಪದವೇ ಇಲ್ಲದೆಯೂ ಅದನ್ನ ಮಾಡಬಹುದು. "ಬಂದ ನೋಡು" ಅನ್ನೋ ಬದಲು "ಬಂತು ನೋಡು" ಅಂದ್ರೆ ಸಾಕು, ಮನುಷ್ಯ ವಸ್ತು ಆಗಿಬಿಡ್ತಾನೆ! ಅದೇ "ಬಂತು"ವನ್ನ ಮಗುವಿಗೆ ಅಂದ್ರೆ ಮುದ್ದು.

ಈಗ ಪದಗಳಿಗೆ ಬರೋಣ.

ಬೇವರ್ಸಿ. ಫಾರ್ಸಿಯ 'ಬೇ' ಅಂದ್ರೆ ಇಲ್ಲದ. 'ವಾರಸು' ಅರಬ್ಬಿ ಮೂಲದ್ದು. ಆಸ್ತಿ ಪತ್ರದಲ್ಲಿ ವಾರಸುದಾರ ಅಂತ ಬರುತ್ತಲ್ಲ, ಅದೇ. ಅಂದ್ರೆ ಹೇಳೋರು ಕೇಳೋರು ಇಲ್ಲದವನು. ಉತ್ತರ ಕರ್ನಾಟಕದ ಕಡೆ 'ಪರದೇಶಿ' ಅಂದ್ರೂ ಹೆಚ್ಚುಕಡಿಮೆ ಅದೇ, ದಿಕ್ಕಿಲ್ಲದವನು. ದರಿದ್ರ ಅಂದ್ರೆ ಬಡವ. ಗುಲಾಮ ಅಂದ್ರೆ ಕೊಂಡು ತಂದ ಆಳು. ಗಮನಿಸಿ, ಇವರಲ್ಲಿ ಯಾರೂ ಯಾರಿಗೂ ಕೆಟ್ಟದ್ದು ಮಾಡಿಲ್ಲ. ಅಪ್ಪ-ಅಮ್ಮ ಇಲ್ಲ, ಕೈಯಲ್ಲಿ ದುಡ್ಡಿಲ್ಲ, ಸ್ವಾತಂತ್ರ್ಯ ಇಲ್ಲ, ಅಷ್ಟೇ.

ಇನ್ನು ನಮ್ಮ ಹುಡುಗರ ಬಾಯಲ್ಲಿ ದಿನಕ್ಕೆ ನೂರು ಸಲ ಬರೋದು: ಬೋಳಿಮಗ, ಮುಂಡೇಮಗ. 'ಮುಂಡ' ಅಂದ್ರೆ ಬೋಳಿಸಿದ ತಲೆ. ಮುಂಡನ ಅಂತೀವಲ್ಲ, ಅದೇ ಮೂಲ. ಗಂಡ ಸತ್ತ ಹೆಂಗಸಿನ ತಲೆ ಬೋಳಿಸಿ ಮೂಲೆಗೆ ಕೂರಿಸೋ ಪದ್ಧತಿ ಇತ್ತು, ಅದರಲ್ಲೂ ಬ್ರಾಹ್ಮಣರಲ್ಲಿ. ಅದು ಹೇಗಿತ್ತು ಅಂತ ತಿಳೀಬೇಕಾದ್ರೆ ಎಂ.ಕೆ. ಇಂದಿರಾ ಅವರ 'ಫಣಿಯಮ್ಮ' ಕಾದಂಬರಿ ಓದಿ, ಇಲ್ಲವೇ ಪ್ರೇಮಾ ಕಾರಂತರು ಅದನ್ನ 1983ರಲ್ಲಿ ತೆರೆಗೆ ತಂದದ್ದನ್ನ ನೋಡಿ. ವಿಧವೆಯರ ಮರುಮದುವೆಗೆ ಕಾನೂನು ಒಪ್ಪಿಗೆ ಕೊಟ್ಟದ್ದು 1856ರಲ್ಲಿ. ಕೇಶ ಮುಂಡನ ನಿಂತುಹೋಯ್ತು, ಪದ ಮಾತ್ರ ಕ್ರಿಕೆಟ್ ಗ್ರೌಂಡಲ್ಲಿ ಇನ್ನೂ ಓಡಾಡ್ತಿದೆ.

ನನಗೆ ಇದು ಬರೀ ನಿಘಂಟಿನ ವಿಷಯ ಅಲ್ಲ. ನನ್ನಪ್ಪ ತೀರಿಕೊಂಡಾಗ ನಾನು ಆರನೇ ಕ್ಲಾಸು. ಹೋದ ವರ್ಷ ಗೆಳೆಯರೆಲ್ಲ ನಮ್ಮನೇಲಿ ಕೂತು ಮೊಬೈಲಲ್ಲಿ ಗೇಮ್ ಆಡ್ತಿದ್ರು. ಒಬ್ಬ ಸೋತ ಸಿಟ್ಟಿಗೆ, ಎಲ್ಲೋ ಇರೋ ಎದುರಾಳಿಗೆ "ಮುಂಡೇಮಗನೇ" ಅಂತ ಕಿರುಚಿದ. ಅಮ್ಮ ಟೀ ತರ್ತಾ ಇದ್ರು. ತಟ್ಟೆಯನ್ನ ಬಾಗಿಲ ಹತ್ತಿರದ ಸ್ಟೂಲ್ ಮೇಲಿಟ್ಟು ಒಳಗೆ ಹೋದ್ರು. ಗೇಮಿನ ಗಲಾಟೇಲಿ ಯಾರೂ ನೋಡ್ಲಿಲ್ಲ. ರಾತ್ರಿ ನಾನೇ ಕೇಳಿದೆ. "ಆ ಹುಡುಗ ನಂಗೇನೂ ಅನ್ಲಿಲ್ಲ ಬಿಡೋ, ಅವನಿಗೆ ಅರ್ಥ ಗೊತ್ತಿಲ್ಲ" ಅಂದ್ರು. ಆಮೇಲೆ ಪಾತ್ರೆ ತೊಳೀತಾ, "ನಂಗೆ ಗೊತ್ತು, ಅದೇ ಕಷ್ಟ" ಅಂದ್ರು.

ಅಣಕದ್ದು ಇನ್ನೊಂದು ಕಥೆ. ನಾನು ಮಂಡ್ಯ ಕಡೆಯವನು. ಮೊದಲ ವರ್ಷ ಸೆಮಿನಾರಲ್ಲಿ 'ಹಳ್ಳಿ' ಅನ್ನೋಕೆ ಹೋಗಿ 'ಅಳ್ಳಿ' ಅಂದೆ. ಒಂದು ತಿಂಗಳು ಹಿಂದಿನ ಬೆಂಚಿಂದ "ಅಳ್ಳಿ, ಅಳ್ಳಿ" ಅಂತ ಬರ್ತಾನೇ ಇತ್ತು. (ನಿಮ್ಮಲ್ಲಿ ಕೆಲವರು ಆ ಬೆಂಚಲ್ಲೇ ಇದ್ರಿ. ನಮಸ್ಕಾರ!) ಆದರೆ ಹಳಗನ್ನಡದಲ್ಲಿ ಆ ಪದ 'ಪಳ್ಳಿ'. ಹಾಲು ಪಾಲ್ ಆಗಿತ್ತು, ಹಾವು ಪಾವು, ಹೆಸರು ಪೆಸರ್. ಶತಮಾನಗಳು ಕಳೆದಂತೆ ಪ ಹೋಗಿ ಹ ಬಂತು. ನಮ್ಮೂರ ಬಾಯಲ್ಲಿ ಆ ಹ ಇನ್ನೊಂದು ಹೆಜ್ಜೆ ಸವೆದಿದೆ, ಅಷ್ಟೇ. 10ನೇ ಶತಮಾನದ ಪಂಪ ಎದ್ದು ಬಂದ್ರೆ ನೀವು 'ಹಳ್ಳಿ' ಅನ್ನೋದನ್ನ ಕೇಳಿ ಅವನೇ ನಗಬಹುದು. ನಗೋರು ಒಂದು ತಿಂಗಳಿಗೆ ಮರೀತಾರೆ. ಆದ್ರೆ ಎಷ್ಟೋ ಜನ ಆಮೇಲೆ ಕೈ ಎತ್ತಿ ಪ್ರಶ್ನೆ ಕೇಳೋದನ್ನೇ ಬಿಟ್ಟುಬಿಡ್ತಾರೆ.

ಕೆಲವು ಪದಗಳ ವಿಷಯದಲ್ಲಿ ಕಾನೂನೇ ಮಾತಾಡಿದೆ. ಪರಿಶಿಷ್ಟ ಜಾತಿ, ಪಂಗಡದವರನ್ನ ನಾಲ್ಕು ಜನರ ಕಣ್ಣೆದುರು ಜಾತಿ ಹೆಸರು ಹಿಡಿದು ಬೈಯೋದು 1989ರ ದೌರ್ಜನ್ಯ ತಡೆ ಕಾಯ್ದೆಯಡಿ ಅಪರಾಧ. ಅಂಗವಿಕಲರನ್ನ ಅವಮಾನ ಮಾಡ್ಬೇಕು ಅಂತಲೇ ಹಾಗೆ ನಿಂದಿಸಿದ್ರೆ, 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 92ನೇ ಸೆಕ್ಷನ್ ಪ್ರಕಾರ 6 ತಿಂಗಳಿಂದ 5 ವರ್ಷ ಜೈಲು. "ಕಿವುಡಾ, ಕೇಳಿಸ್ಲಿಲ್ವಾ?" ಅಂತ ಗೆಳೆಯನಿಗೆ ಅನ್ನೋದು ಆ ಸೆಕ್ಷನ್‌ಗೆ ಬರಲ್ಲ ಬಿಡಿ. ಆದ್ರೆ ಪಕ್ಕದ ಸೀಟಲ್ಲಿ ಹಿಯರಿಂಗ್ ಏಡ್ ಹಾಕಿರೋ ಹುಡುಗಿ ಕೂತಿರಬಹುದು.

ಹಾಗಾದ್ರೆ ಸಿಟ್ಟು ಬಂದಾಗ ಏನನ್ನಬೇಕು? ಕನ್ನಡದಲ್ಲಿ ಪದಗಳಿಗೆ ಬರ ಇಲ್ಲ. ಸುಳ್ಳುಬುರುಕ, ಸೋಂಬೇರಿ, ಚಾಡಿಕೋರ, ಜಂಬದ ಕೋಳಿ, ಬಾಯಿಬಡುಕ, ಗೋಸುಂಬೆ, ಬಕೆಟ್ ಹಿಡಿಯೋನು. ಇವೆಲ್ಲ ಅವನು ಮಾಡಿದ್ದನ್ನ ಹೇಳ್ತವೆ. ನಾಳೆ ಅವನು ಸುಳ್ಳು ಬಿಟ್ರೆ ಪದವೂ ಬಿದ್ದುಹೋಗುತ್ತೆ. ಜಾತಿ, ಬಣ್ಣ, ಕುಂಟೋ ಕಾಲು, ಗಂಡ ಸತ್ತ ಅಮ್ಮ, ಇವನ್ನ ಯಾರು ಹೇಗೆ ಬಿಡೋಕಾಗುತ್ತೆ? ಬೈಯೋ ಮುಂಚೆ ನಾನು ನೋಡ್ಕೊಳ್ಳೋ ಲೆಕ್ಕ ಇಷ್ಟೇ.

ನಿಮ್ಮೂರಲ್ಲಿ ಮಾತ್ರ ಇರೋ, ಮಾಡಿದ ಕೆಲಸಕ್ಕೆ ಬೈಯೋ ಒಂದು ಪದ ಕಾಮೆಂಟಲ್ಲಿ ಹಾಕಿ. ಬೀದರಿಂದ ಚಾಮರಾಜನಗರದವರೆಗೆ ಎಲ್ಲ ಕಡೆಯದ್ದೂ ಬರಲಿ. ಮುಂದಿನ ಭಾಗದಲ್ಲಿ ಅವನ್ನೇ ಬಿಡಿಸೋಣ.

#ನಮ್ಮಾತು #ಕನ್ನಡ #ಬೈಗುಳ