ಐದು ಆಂಪ್ಸಿನ ಆಸೆ

ನಿವೃತ್ತಿಯಾದ ಮೇಲೆ ಕೆಲವರು ಕಾಶಿಗೆ ಹೋಗುತ್ತಾರೆ, ಕೆಲವರು ಷೇರು ಪೇಟೆಗೆ. ನನ್ನಂಥವರು ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋಗುತ್ತಾರೆ. ಬ್ಯಾಂಕಿನ ಕೌಂಟರಿನ ಹಿಂದೆ ಕೂತು ಪೆನ್ನು ಬಿಟ್ಟು ಬೇರೇನನ್ನೂ ಹಿಡಿಯದ ಕೈಗೆ ಅರವತ್ತು ತುಂಬುತ್ತಲೇ ಗೋಡೆ ಕೊರೆಯುವ ಹುಕಿ ಯಾಕೆ ಬರುತ್ತದೆ ಅನ್ನುವುದು ಗಂಡಸರಿಗೆ ತಿಳಿಯದು. ಹೆಂಗಸರಿಗೆ ತಿಳಿದಿರುತ್ತದೆ, ಅವರು ಹೇಳುವುದಿಲ್ಲ. "ರೀ, ಗೋಡೆ ಒಂದು ಉಳಿಸಿ" ಅನ್ನುತ್ತಾರೆ ಅಷ್ಟೆ.

ವೈರಿಲ್ಲದ ಡ್ರಿಲ್ಲು ಕೊಳ್ಳುವುದೇನು ಮಹಾ ಎನ್ನುವವರು ಒಮ್ಮೆ ಆ ರಸ್ತೆಯ ಅಂಗಡಿ ಮುಂದೆ ನಿಲ್ಲಬೇಕು. ಹುಡುಗ ಮೊದಲು ಕೇಳುವುದೇ, "ಬೇರ್ ಟೂಲಾ ಸಾರ್, ಕಿಟ್ಟಾ?" ಬೇರ್ ಅಂದರೆ ಬರೀ ಮಷೀನು, ಬ್ಯಾಟರಿಯೂ ಇಲ್ಲ, ಚಾರ್ಜರೂ ಇಲ್ಲ. ಎರಡು ಬ್ಯಾಟರಿ, ಒಂದು ಚಾರ್ಜರು ಬೇರೆಯಾಗಿ ತೆಗೆದುಕೊಂಡರೆ ಎಷ್ಟೋ ಸಲ ಅವುಗಳ ಬಿಲ್ಲೇ ಮಷೀನಿನದನ್ನು ದಾಟುತ್ತದೆ. ಸಾಲದ್ದಕ್ಕೆ ಒಂದು ಕಂಪನಿಯ ಬ್ಯಾಟರಿ ಇನ್ನೊಂದರ ಮಷೀನಿಗೆ ಕೂರುವುದಿಲ್ಲ. ಮೊದಲ ಬ್ಯಾಟರಿ ಕೊಂಡ ದಿನದಿಂದ ನೀವು ಆ ಕಂಪನಿಯ ಮನೆ ಅಳಿಯ. ಗರಗಸವೂ ಅಲ್ಲಿಯದೇ, ಗ್ರೈಂಡರೂ ಅಲ್ಲಿಯದೇ, ತರಗೆಲೆ ಊದುವ ಬ್ಲೋವರೂ ಅಲ್ಲಿಯದೇ.

"ಎಷ್ಟು ಆಂಪ್ಸ್ ಕೊಡ್ಲಿ?" ಅಂದ ಹುಡುಗ. ಕಪಾಟಿನಲ್ಲಿ 2, 4, 5 ಎಂದು ಬರೆದುಕೊಂಡ ಬ್ಯಾಟರಿಗಳು ಸಾಲಾಗಿದ್ದವು. 2ರದ್ದು ತೆಳ್ಳಗೆ, ಹಿಡಿಯ ಅಡಿಗೆ ಅಂಟಿಕೊಂಡರೆ ಇದ್ದದ್ದೇ ಗೊತ್ತಾಗುವುದಿಲ್ಲ. 5ರದ್ದು ದಪ್ಪ, ಗಂಭೀರ. ಸಿಕ್ಕಿಸಿ ಮೇಜಿನ ಮೇಲಿಟ್ಟರೆ ಡ್ರಿಲ್ಲಿಗೇ ಒಂದು ದರ್ಜೆ ಬಡ್ತಿ ಸಿಕ್ಕಿದ ಹಾಗೆ ಕಾಣುತ್ತದೆ. ನನ್ನ ಕಣ್ಣು ಅಲ್ಲೇ ನೆಟ್ಟಿತು. ಸಕ್ಕರೆ, ಬಿ.ಪಿ. ಎರಡನ್ನು ಬಿಟ್ಟರೆ ಮಿಕ್ಕೆಲ್ಲದರಲ್ಲೂ ನಮಗೆ ದೊಡ್ಡ ಅಂಕಿಯೇ ಬೇಕು.

ಪುಣ್ಯಕ್ಕೆ ಜೊತೆಯಲ್ಲಿ ನಮ್ಮ ಆಚಾರ್ರಿದ್ದರು. ತೀರ್ಥಹಳ್ಳಿ ಕಡೆಯವರು, ಬೆಂಗಳೂರಿಗೆ ಬಂದು ನಮ್ಮಂಥವರ ವಾರ್ಡ್‌ರೋಬು ಮಾಡಿಕೊಂಡಿದ್ದಾರೆ. ಬಾಯಿಯ ಕವಳವನ್ನು ಒಂದು ಕೆನ್ನೆಗೆ ಸರಿಸಿ, "ನಿಮ್ಮದು ಎಂತ ಕೆಲಸ ಮಾರಾಯ್ರೇ? ಅದು ಹೇಳಿ ಮೊದಲು" ಎಂದರು. ಪರದೆಯ ರಾಡು, ದೇವರ ಗೂಡು, ಸಡಿಲವಾದ ಬಾಗಿಲ ಹಿಂಜು ಎಂದೆ. "ಇಷ್ಟಕ್ಕೆ ಐದಾ!" ಎಂದವರು ನಕ್ಕ ಹಾಗೆ ಮಾಡಿದರು.

ಹಿಂದಿನ ವಾರವಷ್ಟೇ ಅವರು ನಮ್ಮ ಪಕ್ಕದ ಮನೆಯವರ ಬ್ಯಾಟರಿಯೊಂದನ್ನು ನಮ್ಮ ವೆರಾಂಡದಲ್ಲೇ ಬಿಚ್ಚಿದ್ದರು. ಆನ್‌ಲೈನಿನಲ್ಲಿ ಸಸ್ತಾಕ್ಕೆ ತರಿಸಿದ್ದು. ಮೈಮೇಲೆ 48 ವೋಲ್ಟು ಎಂದು ಢಾಳಾಗಿ ಬರೆದಿತ್ತು. ಸ್ಕ್ರೂ ತೆಗೆದು ಮುಚ್ಚಳ ಎತ್ತಿದರೆ ಒಳಗೆ ಐದೇ ಐದು ಸೆಲ್ಲು, ಟಾರ್ಚಿನ ಸೆಲ್ಲಿಗಿಂತ ತುಸು ಉದ್ದ, ತಲೆಯಿಂದ ತಲೆಗೆ ತೆಳು ತಗಡಿನ ಪಟ್ಟಿ ಬೆಸೆದಿತ್ತು. 18 ಮಿ.ಮೀ. ಅಗಲ, 65 ಮಿ.ಮೀ. ಉದ್ದ, ಅದಕ್ಕೇ ಈ ಜಾತಿಗೆ 18650 ಅನ್ನುತ್ತಾರೆ. ಒಂದೊಂದು ಲಿಥಿಯಂ ಸೆಲ್ಲಿಗೆ 3.6 ವೋಲ್ಟು, ಐದಕ್ಕೆ 18. ಬ್ಯಾಂಕಿನವನಿಗೆ ಈ ಗುಣಾಕಾರಕ್ಕೆ ಕ್ಯಾಲ್ಕುಲೇಟರ್ ಬೇಡ. ತುಂಬಾ ಚಾರ್ಜಾದಾಗ ಸೆಲ್ಲು 4.2 ಮುಟ್ಟುತ್ತದೆ, ಐದಕ್ಕೆ 21. ಅಮೆರಿಕದಲ್ಲಿ ಇದೇ ಐದು ಸೆಲ್ಲಿಗೆ 20 ಅನ್ನುವ ರೂಢಿ. 18, 20, 21 ಮೂರೂ ಒಂದೇ ಸಂಸಾರ ಎಂದು ಒಪ್ಪಿಕೊಳ್ಳಬಹುದು. 48 ಯಾವ ಲೆಕ್ಕಕ್ಕೂ ಬರುವುದಿಲ್ಲ. (ನೀವು ಬಿಚ್ಚಲು ಹೋಗಬೇಡಿ. ಲಿಥಿಯಂ ಶಾರ್ಟಾದರೆ ಬೆಂಕಿಯೇ.)

ಹಾಗಾದರೆ ಈ ಆಂಪ್ಸು ಏನು? 18 ವೋಲ್ಟಿನಲ್ಲಿ 2 ಆಂಪಿಯರ್ ಅವರ್ ಅಂದರೆ 36 ವ್ಯಾಟ್ ಅವರ್ ದಾಸ್ತಾನು, 5 ಅಂದರೆ 90. ಸಾಮಾನ್ಯವಾಗಿ 2ರದ್ದರಲ್ಲಿ ಐದು ಸೆಲ್ಲಿನ ಒಂದು ಸಾಲು, 5ರದ್ದರಲ್ಲಿ ಎರಡು ಸಾಲು. ದೊಡ್ಡದು ಬರೀ ಹೆಚ್ಚು ಹೊತ್ತು ಬರುತ್ತದೆ ಎಂದು ನಾನು ತಿಳಿದಿದ್ದೆ. ಅದಷ್ಟೇ ಅಲ್ಲ ಎಂದು ತೋರಿಸಿದವರೂ ಆಚಾರ್ರೇ. ಕಬ್ಬಿಣದ ಸರಳು ಕತ್ತರಿಸುವ ಗ್ರೈಂಡರಿಗೋ ಪ್ಲೈವುಡ್ ಸೀಳುವ ಚಕ್ರ ಗರಗಸಕ್ಕೋ 2ರದ್ದನ್ನು ಸಿಕ್ಕಿಸಿದರೆ ಆ ಒಂದೇ ಸಾಲು ಇಡೀ ಭಾರ ಹೊರಬೇಕು. ವೋಲ್ಟು ಕುಸಿಯುತ್ತದೆ, ಬ್ಯಾಟರಿ ಬಿಸಿಯಾಗುತ್ತದೆ, ಕೊನೆಗೆ ಮಷೀನು ತಾನೇ ನಿಲ್ಲುತ್ತದೆ. ಎರಡು ಸಾಲಿದ್ದರೆ ಹೊರೆ ಹಂಚಿಕೊಂಡು ತಣ್ಣಗೆ ಕೆಲಸ ಮಾಡುತ್ತವೆ. ಆದ್ದರಿಂದಲೇ ಅವರ ಚೀಲದಲ್ಲಿ 5ರದ್ದು ಒಂದು ಇದೆ, ಅದು ಗರಗಸಕ್ಕೆ ಮೀಸಲು. ಹಿಂಜಿಗೆ, ಸ್ಕ್ರೂವಿಗೆ 2ರದ್ದು ಎರಡು. ಒಂದು ಕೈಯಲ್ಲಿದ್ದರೆ ಇನ್ನೊಂದು ಚಾರ್ಜರಿನಲ್ಲಿ. ಊರಲ್ಲಿ ಮಳೆಗಾಲಕ್ಕೆ ಕರೆಂಟು ಬಂದ ಹೊತ್ತಿಗೆ ತುಂಬಿಸಿಕೊಳ್ಳಬೇಕಾದ ಕಾಲದಿಂದ ಬಂದ ಅಭ್ಯಾಸ.

ಅಂಗಡಿಯಲ್ಲಿ ಅವರು ಹೆಚ್ಚು ವಾದ ಮಾಡಲಿಲ್ಲ. 5ರದ್ದು ಸಿಕ್ಕಿಸಿದ ಡ್ರಿಲ್ಲನ್ನು ನನ್ನ ಕೈಗೆ ಕೊಟ್ಟು, "ಪರದೆ ರಾಡಿಗೆ ಹಿಡಿದ ಹಾಗೆ ಮೇಲೆ ಹಿಡೀರಿ" ಅಂದು ಹುಡುಗನ ಹತ್ತಿರ ಸಾವಕಾಶವಾಗಿ ರೇಟಿನ ಮಾತಿಗೆ ಇಳಿದರು. ಎರಡು ಬ್ಯಾಟರಿಗಳ ತೂಕದಲ್ಲಿ ಇರುವ ವ್ಯತ್ಯಾಸ ಹೆಚ್ಚುಕಡಿಮೆ ಕಾಲು ಕೇಜಿ. ತರಕಾರಿಯ ತಕ್ಕಡಿಯಲ್ಲಿ ಅದು ಏನೂ ಅಲ್ಲ. ತಲೆಯ ಮೇಲೆ ಎತ್ತಿದ ತೋಳಿನ ತುದಿಯಲ್ಲಿ ಅದು ಬೇರೆಯೇ. ಅವರು ಮಾತು ಮುಗಿಸುವ ಮೊದಲೇ ನನ್ನ ಬಲಭುಜ ಮಾತಾಡತೊಡಗಿತು. ಚಂದ್ರನ ಮೇಲೂ ಇದೇ ಕಥೆ. 1971ರಲ್ಲಿ ಅಪೊಲೊ 15ರವರು ಬ್ಯಾಟರಿಯ ಡ್ರಿಲ್ಲಿನಿಂದ ನೆಲ ಕೊರೆದಾಗ ಕೊಳವೆ ಕಚ್ಚಿಕೊಂಡು ಕೂತಿತು. ಸ್ಕಾಟ್, ಇರ್ವಿನ್ ಇಬ್ಬರೂ ಹೆಗಲು ಕೊಟ್ಟು ಎತ್ತಬೇಕಾಯಿತು. ಬ್ಯಾಟರಿ ಎಲ್ಲಿಗೆ ಹೋದರೂ ಭುಜದ ಕೆಲಸ ತಪ್ಪುವುದಿಲ್ಲ.

ಭುಜ ಅಂದಾಗ ಆಚಾರ್ರ ಅಪ್ಪ ನೆನಪಾಗುತ್ತಾರೆ. ನಮ್ಮ ಅಜ್ಜನ ಮನೆಯ ಜಗಲಿಗೆ ಬಾಗಿಲು ಮಾಡಿದವರು ಅವರೇ. ಅವರ ಕೈಯಲ್ಲಿದ್ದದ್ದು ಬೈರಿಗೆ. ಅದರ ತಲೆಯ ಮೇಲೆ ತೆಂಗಿನ ಚಿಪ್ಪು ಇಟ್ಟು ಎಡಗೈಯಿಂದ ಅಮುಕಿ ಹಿಡಿದು, ಬಲಗೈಯಲ್ಲಿ ಬಿಲ್ಲು ಹಿಂದೆ ಮುಂದೆ ಎಳೆಯುತ್ತಿದ್ದರು. ಹಗ್ಗ ಕಿರ್ ಕಿರ್ ಅನ್ನುತ್ತಿತ್ತು, ಹಲಸಿನ ಮರದ ಹಳದಿ ಹುಡಿ ಕಾಲಬಳಿ ಸಣ್ಣ ಗುಡ್ಡೆಯಾಗುತ್ತಿತ್ತು. ಒಂದು ತೂತಿಗೂ ಇನ್ನೊಂದಕ್ಕೂ ನಡುವೆ ಬೆಲ್ಲ, ನೀರು, ಒಂದು ಕವಳ, ಊರಿನ ನಾಲ್ಕು ಸುದ್ದಿ. ಆ ಬಾಗಿಲಿಗೆ ಎಷ್ಟು ದಿನ ಹಿಡಿಯಿತು ಎಂದು ಯಾರೂ ಲೆಕ್ಕ ಇಡಲಿಲ್ಲ. ಈಗ ಅವರ ಮಗ ಅಂಥ ತೂತನ್ನು ಕಣ್ಣು ಮಿಟುಕಿಸುವುದರಲ್ಲಿ ಕೊರೆಯುತ್ತಾರೆ. ಊರಿನ ಸುದ್ದಿ ಹೇಳಲು ಅವರಿಗೆ ಪುರುಸೊತ್ತಿಲ್ಲ. ಮುಂದಿನ ಸೈಟಿನವರು ಫೋನು ಮಾಡುತ್ತಿರುತ್ತಾರೆ. ಸಮಯ ಉಳಿಸುವ ಯಂತ್ರ ಬಂದ ಮೇಲೆ ಸಮಯ ಎಲ್ಲಿ ಹೋಯಿತು ಅಂತ ಕೇಳಿದರೆ, "ನಿಮ್ಮ ಬ್ಯಾಂಕಿಗೇ ಬಂತು ಮಾರಾಯ್ರೇ, ಇ.ಎಂ.ಐ. ಕಟ್ಟಲಿಕ್ಕೆ" ಅನ್ನುತ್ತಾರೆ.

ಡಲ್ಲಾಸಿನಲ್ಲಿರುವ ಅಣ್ಣನ ಮಗ, "ಚಿಕ್ಕಪ್ಪ, ಇಲ್ಲಿಂದ ತರ್ತೀನಿ, ಸೇಲ್ ಇದೆ" ಅಂದಿದ್ದ. ತರಲಿಕ್ಕೆ ಅಡ್ಡಿಯಿಲ್ಲ. 100 ವ್ಯಾಟ್ ಅವರ್ ಒಳಗಿನ ಬಿಡಿ ಬ್ಯಾಟರಿಯನ್ನು ವಿಮಾನದಲ್ಲಿ ಕೈಚೀಲದಲ್ಲಿ ತರಬಹುದು, ಲಗೇಜಿಗೆ ಹಾಕುವ ಹಾಗಿಲ್ಲ. ಆದರೆ ಅಲ್ಲಿನ ಚಾರ್ಜರು 120 ವೋಲ್ಟಿನದು, ನಮ್ಮ ಮನೆಯದು 230. ನಡುವೆ ಕೂರಿಸುವ ಟ್ರಾನ್ಸ್‌ಫಾರ್ಮರು ಡ್ರಿಲ್ಲಿಗಿಂತ ಭಾರ ಎಂದು ಗೊತ್ತಾದ ಮೇಲೆ, ಅವನಿಗೆ ಪಿಸ್ತಾ ತಾ ಅಂದೆ.

ಇನ್ನೊಂದು ವಿಷಯ ಆಚಾರ್ರು ಹೇಳಿದ್ದಲ್ಲ, ನಾನೇ ಓದಿ ತಿಳಿದದ್ದು. ಲಿಥಿಯಂ ಬ್ಯಾಟರಿ ದುಡಿದರೂ ಮುದಿಯಾಗುತ್ತದೆ, ಕಪಾಟಿನಲ್ಲಿ ಸುಮ್ಮನೆ ಮಲಗಿದ್ದರೂ ಮುದಿಯಾಗುತ್ತದೆ. ಪೂರ್ತಿ ತುಂಬಿಸಿ ಬಿಸಿಯಲ್ಲಿ ಇಟ್ಟರಂತೂ ಬೇಗ. ಹಳೆಯ ನಿಕ್ಕಲ್ ಕ್ಯಾಡ್ಮಿಯಂ ಕಾಲದ ಹಾಗೆ ಪೂರ್ತಿ ಖಾಲಿ ಮಾಡಿ ಚಾರ್ಜಿಗೆ ಹಾಕುವ ಮಡಿಯೂ ಇದಕ್ಕೆ ಬೇಡ. ವರ್ಷಕ್ಕೆ ನಾಲ್ಕು ತೂತು ಕೊರೆಯುವವನ ಮನೆಯಲ್ಲಿ 5ರದ್ದು ತನ್ನ ಶಕ್ತಿಯ ಬಹುಪಾಲನ್ನು ಯಾರಿಗೂ ಕೊಡದೆ ಸವೆಯುತ್ತದೆ. ಪಿಂಚಣಿದಾರನಾಗಿ ಈ ಸಾಲನ್ನು ಓದುವಾಗ ಕನ್ನಡಕ ಒರೆಸಿಕೊಂಡೆ ಎಂದು ಮಾತ್ರ ಹೇಳುತ್ತೇನೆ.

ಆದ್ದರಿಂದ ಓದುಗರೇ, ಮನೆವಾರ್ತೆಗೆ 18 ವೋಲ್ಟಿನ 2ರದ್ದು ಎರಡು ಸಾಕು. ಬರೀ ಸ್ಕ್ರೂ, ಹಿಂಜು ಅಂದರೆ ಮೂರು ಸೆಲ್ಲಿನ 12 ವೋಲ್ಟಿನ ಪುಟ್ಟ ಮಷೀನೂ ಧಾರಾಳ. ಗ್ರೈಂಡರ್ ಕೊಂಡ ದಿನ 5ರದ್ದು ಒಂದು ತನ್ನಿ, ಅದಕ್ಕೆ ಮೊದಲು ಬೇಡ. ಅರ್ಧ ಚಾರ್ಜಿನಲ್ಲಿ ನೆರಳಲ್ಲಿಡಿ, ಬೇಸಿಗೆಯಲ್ಲಿ ಸ್ಕೂಟರಿನ ಡಿಕ್ಕಿಯಲ್ಲಿ ಬಿಟ್ಟುಬರಬೇಡಿ. ಐದು ಸೆಲ್ಲಿಗೆ 48 ವೋಲ್ಟು ಅಂದವನ ಅಂಗಡಿಯಿಂದ ಎದ್ದು ಬನ್ನಿ.