ಖಲ್ವಾಟನ ನೆರಳು

ಭರ್ತೃಹರಿಯ ನೀತಿಶತಕದಲ್ಲಿ ಒಬ್ಬ ಖಲ್ವಾಟನು ಬರುತ್ತಾನೆ. ಬಿಸಿಲಿಗೆ ಬೋಳುತಲೆ ಸುಡುತ್ತಿರಲು ಅವನು ನೆರಳನ್ನರಸಿ ಮರವೊಂದರ ಬುಡಕ್ಕೆ ಹೋಗುತ್ತಾನೆ. ಅಲ್ಲಿ ದೊಡ್ಡದೊಂದು ಹಣ್ಣು ಬಿದ್ದು ಅವನ ತಲೆಯೇ ಒಡೆಯುತ್ತದೆ. ಕವಿಯು ಇದನ್ನು ಹೇಳಿದ್ದು ದೈವದ ಪ್ರಾಬಲ್ಯವನ್ನು ತೋರಿಸುವುದಕ್ಕಾಗಿ. ಈ ಕಾಲದಲ್ಲಿ ಕೂದಲುದುರುತ್ತಿರುವ ತರುಣರ ಪಾಡನ್ನು ಕಂಡವರಿಗೆ ಮಾತ್ರ ಆ ಖಲ್ವಾಟನ ನೆನಪು ಬೇರೊಂದು ಬಗೆಯಲ್ಲಿ ಬಾರದಿರದು. ಇವರು ಹೆದರುವುದು ಬಿಸಿಲಿಗಲ್ಲ, ನಾಲ್ವರ ಕಣ್ಣಿಗೆ. ಯಾವ ಮರದ ಕೆಳಗೆ ನಿಂತೆವೆಂದು ತಲೆಯೆತ್ತಿ ನೋಡುವ ವ್ಯವಧಾನವೂ ಇವರಿಗಿರುವುದಿಲ್ಲ.

ಹಿಂದಿನವರಿಗೆ ಈ ಕ್ಲೇಶವೇ ಇರಲಿಲ್ಲವೆನ್ನುವಂತಿಲ್ಲ. ಶಿಖೆಯೂ ರುಮಾಲೂ ಇದ್ದ ದಿನಗಳಲ್ಲಿ ನೆತ್ತಿಯ ಬೋಳು ಮರೆಯಾಗಿತ್ತು. ರುಮಾಲು ಹೋಗಿ ಕ್ರಾಪು ಬಂದಮೇಲೆ ಬಯಲಾಯಿತು. ಆದರೂ ಸುಶ್ರುತನು ಖಾಲಿತ್ಯವನ್ನು ರೋಗಗಳಲ್ಲಿ ಎಣಿಸಿ, ವಾತದೊಡನೆ ಕೂಡಿದ ಪಿತ್ತವು ರೋಮಕೂಪವನ್ನು ಹೊಕ್ಕು ಕೂದಲನ್ನುದುರಿಸುವುದೆಂದೂ, ಬಳಿಕ ರಕ್ತದೊಡನೆ ಕೂಡಿದ ಕಫವು ಕೂಪವನ್ನು ಮುಚ್ಚುವುದರಿಂದ ಹೊಸ ಕೂದಲು ಹುಟ್ಟದೆಂದೂ ಹೇಳಿದ್ದಾನೆ. ಥಟ್ಟನೆ ಉದುರುವ ಇಂದ್ರಲುಪ್ತಕ್ಕೂ ಕ್ರಮಕ್ರಮವಾಗಿ ಬರುವ ಖಲತಿಗೂ ವಾಗ್ಭಟನು ಭೇದವನ್ನು ಕಾಣಿಸಿದ್ದಾನೆ.

ಈಗಿನ ವೈದ್ಯಶಾಸ್ತ್ರವು ಹೇಳುವ ಕಾರಣ ಬೇರೆ. ಪುರುಷನ ದೇಹದಲ್ಲಿರುವ ಟೆಸ್ಟೋಸ್ಟಿರೋನ್ ಎಂಬ ರಸವು ಡೈಹೈಡ್ರೋಟೆಸ್ಟೋಸ್ಟಿರೋನ್ ಆಗಿ ಮಾರ್ಪಟ್ಟು, ವಂಶದಿಂದ ಆ ಗುಣ ಬಂದವರ ಹಣೆಯ ಇಕ್ಕೆಲಗಳ ಮತ್ತು ನೆತ್ತಿಯ ಕೂಪಗಳನ್ನು ವರ್ಷವರ್ಷಕ್ಕೆ ಕಿರಿದುಮಾಡುತ್ತದೆ. ಪ್ರಾಯಕ್ಕೆ ಮುನ್ನವೇ ವೃಷಣವನ್ನು ಕಳೆದುಕೊಂಡವರಿಗೆ ಈ ಬೋಳು ಬರುವುದಿಲ್ಲವೆಂದು ಅಮೆರಿಕದ ಜೇಮ್ಸ್ ಹ್ಯಾಮಿಲ್ಟನ್ 1942ರಲ್ಲಿ ತೋರಿಸಿಕೊಟ್ಟರು. ಇದಿರಲು, ಕೊಳವೆಬಾವಿಯ ನೀರನ್ನೂ ಟೋಪಿಯನ್ನೂ ದೂರುವುದು ಬೋಳುತಲೆಗೂ ಮೊಣಕಾಲಿಗೂ ಗಂಟುಹಾಕಿದಂತೆಯೇ ಸರಿ.

ಜಿಲ್ಲೆಯ ಊರೊಂದರ ಗೃಹಸ್ಥರ ಮಗನಿಗೆ ಇಪ್ಪತ್ತಾರನೆಯ ವಯಸ್ಸಿಗೇ ನೆತ್ತಿ ತೆಳುವಾಯಿತು. ಮನೆಯಲ್ಲಿ ಮದುವೆಯ ಮಾತು ನಡೆದಿದ್ದ ಕಾಲ. ಜಾತಕದೊಡನೆ ತಾಯಿಯವರು ಐದು ವರ್ಷದ ಹಿಂದಿನ ಪಟವನ್ನೇ ಕಳುಹಿಸುತ್ತಿದ್ದರು. ಮಗನು ತೈಲದ ಮೇಲೆ ತೈಲವನ್ನು ಬದಲಾಯಿಸಿದನು. ಮೂರು ತಿಂಗಳಲ್ಲಿ ತಲೆತುಂಬ ಕೂದಲು ಬರಿಸುವೆವೆಂದು ಮಾತುಕೊಟ್ಟವರಿಗೆ ಎರಡು ತಿಂಗಳ ಸಂಬಳವನ್ನು ತೆತ್ತನು. ಸಂಬಳ ಹೋಯಿತು, ಕೂದಲು ಬರಲಿಲ್ಲ. ಹೆಣ್ಣು ನೋಡಲು ಹೋದ ಮನೆಯಲ್ಲಿ ಮುದುಕಿಯೊಬ್ಬರು ಅವನ ತಂದೆಯನ್ನು, “ಪಟದಲ್ಲಿದ್ದ ಹುಡುಗ ಬರಲಿಲ್ಲವೇ? ಇವರು ಅವರ ಅಣ್ಣನೋ?” ಎಂದು ಕೇಳಿದರು. ಕೇಳಿದವರಲ್ಲಿ ಕುಹಕವಿರಲಿಲ್ಲ. ತಂದೆಯವರು ಉತ್ತರ ಕೊಡಲಾರದೆ ಕಾಫಿಯ ಲೋಟವನ್ನೇ ನೋಡುತ್ತ ಕುಳಿತರು. ಖಲ್ವಾಟನ ತಲೆಯ ಮೇಲೆ ಹಣ್ಣು ಬಿದ್ದದ್ದು ಅಲ್ಲಿ.

ಆಮೇಲೆ ಅವನು ಚರ್ಮರೋಗದ ವೈದ್ಯರಲ್ಲಿಗೆ ಹೋದನು. ಜ್ವರ, ಚಿಂತೆ ಮೊದಲಾದವುಗಳಿಂದ ಉದುರಿದ ಕೂದಲು ಸಾಮಾನ್ಯವಾಗಿ ತಾನೇ ಬರುವುದಾದ್ದರಿಂದ, ಅವರು ಮೊದಲು ರೋಗವು ಯಾವುದೆಂದು ನಿಶ್ಚಯಿಸಿಕೊಂಡರು. ಆಮೇಲೆ ಮೂರು ದಾರಿಗಳನ್ನು ಹೇಳಿದರು. ಮೊದಲನೆಯದು ಮಿನಾಕ್ಸಿಡಿಲ್. ಇದು ರಕ್ತದೊತ್ತಡಕ್ಕೆಂದು ಬಂದ ಔಷಧ. ಸೇವಿಸಿದವರ ಮೈಯಲ್ಲಿ ಕೂದಲು ಬೆಳೆದದ್ದನ್ನು ಕಂಡು, ತಲೆಗೆ ಹಚ್ಚುವ ದ್ರವವಾಗಿ ಅಮೆರಿಕದಲ್ಲಿ 1988ರಲ್ಲಿ ಅದಕ್ಕೆ ಅನುಮತಿ ದೊರೆಯಿತು. ಹಚ್ಚಿದ ಮೊದಲ ವಾರಗಳಲ್ಲಿ ಕೂದಲು ಇನ್ನಷ್ಟು ಉದುರಬಹುದು. ಗುಣ ಕಾಣಲು ನಾಲ್ಕಾರು ತಿಂಗಳು ಬೇಕು. ಎರಡನೆಯದು ಫಿನಾಸ್ಟರೈಡ್ ಮಾತ್ರೆ. ಪ್ರಾಸ್ಟೇಟ್ ಗ್ರಂಥಿಯ ಊತಕ್ಕೆ ಕೊಡುತ್ತಿದ್ದ ಇದನ್ನು 1997ರಿಂದ 1 ಮಿಲಿಗ್ರಾಂ ಪ್ರಮಾಣದಲ್ಲಿ ಬೋಳಿಗೂ ಕೊಡತೊಡಗಿದರು. ಮೇಲೆ ಹೇಳಿದ ರಸದ ಮಾರ್ಪಾಟನ್ನು ಇದು ತಡೆಯುತ್ತದೆ. ಕೆಲವರಲ್ಲಿ ಕಾಮಶಕ್ತಿ ಕುಂದುವುದುಂಟು, ಮನಸ್ಸು ಖಿನ್ನವಾಗುವುದೂ ಉಂಟು. ಗರ್ಭಿಣಿಯರು ಒಡೆದ ಮಾತ್ರೆಯನ್ನು ಮುಟ್ಟಲೂ ಕೂಡದು. ಇವೆರಡರಲ್ಲಿ ಯಾವುದನ್ನು ಬಿಟ್ಟರೂ ಕೆಲವು ತಿಂಗಳಲ್ಲಿ ಬಂದ ಫಲ ಹೋಗುತ್ತದೆ. ಮೂರನೆಯದು ಹಿಂದಲೆಯ ಕೂದಲನ್ನು ಬೇರುಸಹಿತ ತೆಗೆದು ಮುಂದೆ ನಾಟುವುದು. ಎಲ್ಲಿ ನಾಟಿದರೂ ಅದು ಹಿಂದಲೆಯ ಗುಣವನ್ನೇ ಉಳಿಸಿಕೊಳ್ಳುವುದೆಂಬುದನ್ನು ನ್ಯೂಯಾರ್ಕಿನ ನಾರ್ಮನ್ ಒರೆಂಟ್ರೈಕ್ 1959ರಲ್ಲಿ ಪ್ರಕಟಿಸಿದರು. ಆದರೆ ಇದು ಇದ್ದ ಕೂದಲಿನ ಸ್ಥಳಾಂತರವೇ ಹೊರತು ಹೊಸ ಕೂದಲಿನ ಸೃಷ್ಟಿಯಲ್ಲ. ಇದು ಶಸ್ತ್ರಚಿಕಿತ್ಸೆಯಾದ್ದರಿಂದ ತಕ್ಕ ವೈದ್ಯರಿಂದಲೇ ಆಗಬೇಕು.

“ಇರುವುದನ್ನು ಉಳಿಸಿಕೊಳ್ಳುವುದು ಸುಲಭ, ಹೋದದ್ದನ್ನು ತರುವುದು ಕಷ್ಟ. ಯಾವುದನ್ನು ಹಿಡಿದರೂ ಬಹುಕಾಲ ಬಿಡದೆ ನಡೆಸಬೇಕಾದೀತು, ಯೋಚನೆಮಾಡಿ ಬನ್ನಿ” ಎಂದು ವೈದ್ಯರು ಕಳುಹಿಸಿದರು. ಮಾತುಕೊಡದ ವೈದ್ಯರನ್ನು ಅವನು ಅದೇ ಮೊದಲು ಕಂಡದ್ದು.

ಅವನು ಹಚ್ಚುವ ಔಷಧವೊಂದನ್ನೇ ಆರಿಸಿಕೊಂಡನು. ಒಂದು ವರ್ಷದಲ್ಲಿ ನೆತ್ತಿಯ ಉದುರು ನಿಂತು ಅಷ್ಟಿಷ್ಟು ಕೂದಲು ಬಂದಿತು. ಹಣೆಯ ಇಕ್ಕೆಲಗಳು ಹಾಗೆಯೇ ಉಳಿದವು. ಆಗ ಅವನು ಹೊಸದೊಂದು ಪಟವನ್ನು ತೆಗೆಸಿ ತಂದು, “ಅಮ್ಮ, ಇನ್ನು ಇದನ್ನೇ ಕಳಿಸು” ಎಂದನು. ತಾಯಿಯವರು ಹಳೆಯ ಪಟವನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ಸುಮ್ಮನಿದ್ದರು. ಹೊಸದನ್ನು ಲಕೋಟೆಗೆ ಹಾಕಿದವರು ತಂದೆ.

ಎರಡು ಮನೆಗಳಿಂದ ಉತ್ತರ ಬರಲಿಲ್ಲ. ಮೂರನೆಯ ಮನೆಯವರು ತಾವಾಗಿಯೇ ಬಂದರು. ಬಾಗಿಲಲ್ಲಿ ನಿಂತಿದ್ದ ಹುಡುಗನನ್ನು ಕಂಡೊಡನೆ, ಯಾರೂ ಹೇಳದೆಯೇ, ಗುರುತುಹಿಡಿದರು.